ಸದ್ದು, ಹೊಗೆ ಮತ್ತು ಸರಾಸರಿ: ದಾವಣಗೆರೆ–ಹರಿಹರ ಹೆದ್ದಾರಿ ಸೀಮೆಯನ್ನು ಕುರಿತ ಒಂದು ಜಾನಪದೀಯ ವಿಮರ್ಶೆ

1

ಕನ್ನಡ ಜಾನಪದ ಅಧ್ಯಯನಕ್ಕೆ ಸಂಗ್ರಹದ ದೊಡ್ಡ ಪರಂಪರೆಯಿದೆ. ಹಾ.ಮಾ. ನಾಯಕ, ಜೀ.ಶಂ. ಪರಮಶಿವಯ್ಯ, ಎಚ್.ಎಲ್. ನಾಗೇಗೌಡ ಮೊದಲಾದ ಹಿರಿಯರು ಹಾಕಿಕೊಟ್ಟ ದಾರಿಯಲ್ಲಿ ಹಾಡು, ಕಥೆ, ಗಾದೆ, ಒಗಟು, ಕುಣಿತ, ಆಟಗಳನ್ನು ಕಲೆಹಾಕುವ ಕೆಲಸ ಹಲವು ದಶಕಗಳಿಂದ ನಡೆದು ಬಂದಿದೆ. ಆದರೆ ಹಾಡನ್ನು ಬರೆದುಕೊಂಡ ನಾವು, ಅದನ್ನು ಕೇಳಿಸಿಕೊಳ್ಳುವ ಊರಿನ ಕಿವಿಯ ಸ್ಥಿತಿಯೇನು ಎಂಬುದನ್ನು ಬರೆದುಕೊಂಡಿಲ್ಲ. ಕುಣಿತವನ್ನು ಚಿತ್ರೀಕರಿಸಿದ ನಾವು, ಕುಣಿಯುವವರು ಎಳೆದುಕೊಳ್ಳುವ ಉಸಿರಿನಲ್ಲಿ ಏನಿದೆ ಎಂದು ಕೇಳಿಲ್ಲ. ಈ ಎರಡು ಪ್ರಶ್ನೆಗಳನ್ನು ಎಂಜಿನಿಯರರಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಬಿಟ್ಟು ನಿಶ್ಚಿಂತರಾಗಿದ್ದೇವೆ.

ಸಾರಿಗೆಯಿಂದ ಉಂಟಾಗುವ ಹೊಗೆ ಮತ್ತು ಸದ್ದನ್ನು ಹತೋಟಿಯಲ್ಲಿಡಲು ಸರ್ಕಾರವು ರೂಪಿಸಿಕೊಂಡಿರುವ ನಿಯಮ ಮತ್ತು ಕಾರ್ಯಕ್ರಮಗಳನ್ನು ಒಂದು ಪಠ್ಯವೆಂದು ಭಾವಿಸಿ ವಿಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದು ಜಾನಪದ ವಿದ್ವಾಂಸರ ಕೆಲಸವೇ ಎಂಬ ಸಂದೇಹ ಸಹಜ. ಕನಿಷ್ಠ ಒಂದು ಅಂಶವನ್ನು ಸಮಾನವಾಗಿ ಹೊಂದಿರುವ ಯಾವುದೇ ಗುಂಪನ್ನು ‘ಜನಪದ’ ಎಂದು ಪರಿಗಣಿಸಬಹುದೆಂದು ಅಮೆರಿಕದ ವಿದ್ವಾಂಸ ಅಲನ್ ಡಂಡೆಸ್ ವಾದಿಸಿದ ಮೇಲೆ, ಲಾರಿ ಚಾಲಕರೂ ಹೆದ್ದಾರಿ ಬದಿಯ ಒಕ್ಕಲೂ ಮಂಡಕ್ಕಿ ಭಟ್ಟಿಯ ಕೂಲಿಕಾರರೂ ನಮ್ಮ ಅಧ್ಯಯನದ ಹೊರಗೆ ಉಳಿಯುವುದಿಲ್ಲ. ಅವರ ಬದುಕನ್ನು ಇಂದು ಗಾಢವಾಗಿ ತಟ್ಟುತ್ತಿರುವ ಬರಹವೆಂದರೆ ಈ ನಿಯಮಗಳೇ.

ಲೇಖನದ ವಾದವನ್ನು ಹೀಗೆ ಸಂಗ್ರಹಿಸಬಹುದು: ಈ ಕಾರ್ಯಕ್ರಮಗಳು ವಾಹನವನ್ನು ಅಳೆಯುತ್ತವೆ, ದಾರಿಯ ಬದಿಯ ಬದುಕನ್ನು ಅಳೆಯುವುದಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆ ಕೇಳಿಬರುವ ಜನರ ಸದ್ದು ಸುಲಭವಾಗಿ ‘ಮಾಲಿನ್ಯ’ವಾಗುತ್ತದೆ, ಇಡೀ ರಾತ್ರಿ ನಿಲ್ಲದ ಯಂತ್ರದ ಸದ್ದು ಹಿನ್ನೆಲೆಯಾಗಿ ಉಳಿಯುತ್ತದೆ. ಈ ಅಸಮತೆಯನ್ನು ತೋರಿಸಿಕೊಡಬೇಕಾಗಿದ್ದ ಜಾನಪದ ಅಧ್ಯಯನವು ತನ್ನ ಹೊಣೆಯನ್ನು ನಿರ್ವಹಿಸಿಲ್ಲ.

2

ಚರ್ಚೆಗೆ ಆರಿಸಿಕೊಂಡಿರುವ ಸೀಮೆ ದಾವಣಗೆರೆ ನಗರ, ಹರಿಹರ ಮತ್ತು ಹರಿಹರದ ಮಗ್ಗುಲಿನ ಗುತ್ತೂರು. ಪುಣೆ–ಬೆಂಗಳೂರು ರಸ್ತೆ ಈ ಸೀಮೆಯ ಬೆನ್ನೆಲುಬು. ಹೆದ್ದಾರಿಯು ಊರ ಹೊರಗಿನ ದಾರಿಗೆ ಸರಿದು ಎಷ್ಟೋ ವರ್ಷಗಳಾದರೂ ದಾವಣಗೆರೆಯ ನಡುವಿನ ಹಳೆಯ ರಸ್ತೆಯನ್ನು ಜನ ಇಂದಿಗೂ ‘ಪಿ.ಬಿ. ರಸ್ತೆ’ ಎಂದೇ ಕರೆಯುತ್ತಾರೆ. ಸುವರ್ಣ ಚತುಷ್ಪಥ ಯೋಜನೆಯಲ್ಲಿ ಅಗಲಗೊಂಡ ಈ ಹೆದ್ದಾರಿಯು 2010ರ ಮರುಸಂಖ್ಯೆಯಲ್ಲಿ ನಾಲ್ಕರಿಂದ ನಲವತ್ತೆಂಟಾಯಿತು. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಇದೇ ಹೆದ್ದಾರಿಯ ಸೀಮೆಯಲ್ಲಿದೆ. ಜಾನಪದವನ್ನು ಕಲಿಯಲು ಹೋಗುವವರೂ ಈ ಸದ್ದನ್ನು ಹಾದೇ ಹೋಗಬೇಕು ಎಂಬುದು ನಮ್ಮ ಗಮನಕ್ಕೆ ಬರದಿರುವುದು ಆಶ್ಚರ್ಯಕರ.

ಒಂದು ಕಾಲದಲ್ಲಿ ದಾವಣಗೆರೆಯು ಹತ್ತಿ ಗಿರಣಿಗಳ ಊರು; ಹರಿಹರವು ಕಿರ್ಲೋಸ್ಕರ್ ಕಾರ್ಖಾನೆಯ ಊರು. ಗಿರಣಿಯ ಸೈರನ್ನು ಕೇಳಿ ಹೊತ್ತನ್ನು ಅಳೆದವರ ತಲೆಮಾರು ಇನ್ನೂ ಇದೆ. ಆ ಸದ್ದಿಗೆ ಒಂದು ಅರ್ಥವಿತ್ತು: ಪಾಳಿ ಬದಲಾಯಿತು, ಬುತ್ತಿ ಕಳಿಸಬೇಕು, ಮನೆಯವರು ಬರುವ ಹೊತ್ತಾಯಿತು. ಗಿರಣಿಗಳು ಒಂದೊಂದಾಗಿ ನಿಂತ ಮೇಲೆ ಉಳಿದದ್ದು ಹೆದ್ದಾರಿಯ ಸದ್ದು. ಅದು ಯಾವ ಹೊತ್ತನ್ನೂ ತಿಳಿಸುವುದಿಲ್ಲ.

ಗುತ್ತೂರಿನ ಕಡೆ ಕ್ಷೇತ್ರಕಾರ್ಯ ಮಾಡುವಾಗ ನನಗೆ ಎದುರಾದ ಮೊದಲ ತೊಡಕು ಇದೇ. ಹಿರಿಯ ಕಲಾವಿದೆಯೊಬ್ಬರ ಬೀಸುವ ಪದಗಳನ್ನು ಧ್ವನಿಮುದ್ರಿಸಿಕೊಂಡು ಬಂದು ಕೇಳಿದಾಗ, ಪದದ ಹಿಂದೆ ನಿರಂತರವಾದ ಒಂದು ಮೊರೆತವಿತ್ತು. ಆಗ ಅದನ್ನು ಯಂತ್ರದ ದೋಷವೆಂದು ತಿಳಿದು, ಅದನ್ನು ತೆಗೆದುಹಾಕುವ ಉಪಾಯವನ್ನು ಹುಡುಕಿದೆ. ಅದು ದೋಷವಲ್ಲ, ಆಕೆ ದಿನವೂ ಹಾಡುತ್ತಿದ್ದ ಪರಿಸರವೇ ಅದು ಎಂಬುದು ಹೊಳೆಯಲು ಬಹಳ ಕಾಲ ಬೇಕಾಯಿತು. ನಮ್ಮ ಸಂಗ್ರಹಗಳಲ್ಲಿ ಇಂತಹ ಎಷ್ಟು ಮೊರೆತಗಳನ್ನು ಅಳಿಸಿಹಾಕಿದ್ದೇವೆಯೋ ಲೆಕ್ಕವಿಲ್ಲ. ಕೆನಡಾದ ಆರ್. ಮರ್ರೆ ಷೇಫರ್ 1970ರ ದಶಕದಲ್ಲಿಯೇ ಊರಿನ ಸದ್ದುಗಳನ್ನೆಲ್ಲ ಒಂದು ಭೂದೃಶ್ಯದಂತೆ ಅಭ್ಯಾಸ ಮಾಡುವ ಕ್ರಮವನ್ನು ತೋರಿಸಿದ್ದರೂ ಅದು ನಮ್ಮ ಸಂಗ್ರಹಕಾರ್ಯದ ಅಂಗವಾಗಲಿಲ್ಲ.

3

ಮೊದಲು ಗಾಳಿಯ ವಿಚಾರ. ವಾಹನದ ಹೊಗೆಯ ನಿರ್ವಹಣೆಯು ನಮ್ಮಲ್ಲಿ ಹಲವು ಕೈಗಳಲ್ಲಿ ಹಂಚಿಹೋಗಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೆಯ ನಿಯಮದಂತೆ ಹೊಗೆ ತಪಾಸಣೆಯ ಪ್ರಮಾಣಪತ್ರವನ್ನು ನೋಡಿಕೊಳ್ಳುವುದು ಸಾರಿಗೆ ಇಲಾಖೆ. ಊರಿನ ಗಾಳಿಯನ್ನು ಅಳೆಯುವುದು 1974ರಲ್ಲಿ ಸ್ಥಾಪಿತವಾದ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಹೆದ್ದಾರಿಯನ್ನು ಕಟ್ಟುವುದು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ. ಬಸ್ಸನ್ನು ಓಡಿಸುವುದು ರಸ್ತೆ ಸಾರಿಗೆ ನಿಗಮ. ರಸ್ತೆಯ ಧೂಳನ್ನು ಗುಡಿಸುವುದು ನಗರಪಾಲಿಕೆ. ಒಬ್ಬರು ಅಳೆದದ್ದು ಇನ್ನೊಬ್ಬರ ತೀರ್ಮಾನವನ್ನು ಕಟ್ಟಿಹಾಕಲೇಬೇಕೆಂಬ ಬಲವಾದ ಏರ್ಪಾಡು ಇಲ್ಲಿಲ್ಲ.

ಡೀಸೆಲ್ ವಾಹನದ ತಪಾಸಣೆಯನ್ನು ಗಮನಿಸಬೇಕು. ನಿಂತ ಗಾಡಿಯ ಆಕ್ಸಿಲರೇಟರನ್ನು ಒಮ್ಮೆಗೇ ಒತ್ತಿ, ಕೊಳವೆಯಿಂದ ಹೊರಬರುವ ಹೊಗೆಯ ದಟ್ಟಣೆಯನ್ನು ಅಳೆಯುತ್ತಾರೆ. ಅಲ್ಲಿ ಹೊರೆಯಿಲ್ಲ, ಏರು ಇಲ್ಲ, ಎದುರು ಗಾಳಿಯಿಲ್ಲ. ಮೆಕ್ಕೆಜೋಳದ ಚೀಲ ತುಂಬಿಕೊಂಡು ಏರುದಾರಿಯಲ್ಲಿ ಗೇರು ಬದಲಿಸುವ ಹಳೆಯ ಲಾರಿಯ ಹೊಗೆಗೂ ತಪಾಸಣಾ ಕೇಂದ್ರದ ಅಂಗಳದಲ್ಲಿ ನಿಂತ ಅದೇ ಲಾರಿಯ ಹೊಗೆಗೂ ವ್ಯತ್ಯಾಸವಿದೆ ಎಂಬುದನ್ನು ಯಾವ ಕ್ಲೀನರನೂ ಬಲ್ಲ. ಕಾಗದ ಮಾತ್ರ ಎರಡನ್ನೂ ಒಂದೇ ಎಂದು ಹೇಳುತ್ತದೆ. 2020ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಭಾರತ್ ಹಂತ–6ರ ಮಾನದಂಡ ಜಾರಿಗೆ ಬಂದದ್ದು ದೊಡ್ಡ ಹೆಜ್ಜೆಯೇ ಸರಿ. ಆದರೆ ಅದು ಹೊಸ ಗಾಡಿಗೆ ಅನ್ವಯಿಸುವ ಮಾತು. ಕೈ ಬದಲಾಯಿಸುತ್ತ ಬಂದ ಹಳೆಯ ಗಾಡಿಗಳ ದಾರಿಯೇ ಬೇರೆ.

2019ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮವು ಗಾಳಿಯ ಗುಣಮಟ್ಟದಲ್ಲಿ ಹಿಂದುಳಿದ ನಗರಗಳನ್ನು ಗುರುತಿಸಿತು. ಕರ್ನಾಟಕದಿಂದ ಆ ಪಟ್ಟಿಗೆ ಸೇರಿದವು ನಾಲ್ಕು: ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ಕಲಬುರಗಿ ಮತ್ತು ದಾವಣಗೆರೆ. 2016ರಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲಿ ಹೆಸರು ಪಡೆದ ಊರು ಮೂರೇ ವರ್ಷಗಳಲ್ಲಿ ಈ ಇನ್ನೊಂದು ಪಟ್ಟಿಯಲ್ಲಿಯೂ ಹೆಸರು ಪಡೆಯಿತು. 2009ರ ರಾಷ್ಟ್ರೀಯ ಮಾನದಂಡದಂತೆ ಹತ್ತು ಮೈಕ್ರಾನಿಗಿಂತ ಸಣ್ಣ ಕಣಗಳ ವಾರ್ಷಿಕ ಸರಾಸರಿಯು ಘನ ಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದು; 24 ಗಂಟೆಗಳ ಸರಾಸರಿ 100ನ್ನು ಮೀರಬಾರದು.

ಈ ಅಂಕಿಗಳ ಅಗತ್ಯವನ್ನು ಅಲ್ಲಗಳೆಯಲಾಗದು. ವಿಮರ್ಶೆಗೆ ಒಳಗಾಗಬೇಕಾದದ್ದು ‘ಸರಾಸರಿ’ ಎಂಬ ಪರಿಕಲ್ಪನೆ. ಜನಪದರ ಕಾಲಗಣನೆಯಲ್ಲಿ ವರ್ಷವೆಂಬುದು ಒಂದೇ ಸಮನಾದ ಮುನ್ನೂರ ಅರವತ್ತೈದು ದಿನಗಳಲ್ಲ. ಅದು ಮಳೆ ನಕ್ಷತ್ರಗಳಾಗಿ, ಸುಗ್ಗಿಯಾಗಿ, ಜಾತ್ರೆಯಾಗಿ ಒಡೆದುಕೊಂಡಿರುತ್ತದೆ. ಗಾಳಿಯೂ ಹಾಗೆಯೇ. ಮೂಡಗಾಳಿ, ಪಡುವಣ ಗಾಳಿ, ಸುಳಿಗಾಳಿ ಎಂದು ದಿಕ್ಕು ಮತ್ತು ನಡೆಯಿಂದ ಅದನ್ನು ಗುರುತಿಸುತ್ತಿದ್ದರು. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ನಾವು ಅವಕಾಶವಾದದ ಮಾತೆಂದು ಅರ್ಥೈಸುತ್ತ ಬಂದಿದ್ದೇವೆ. ಮೂಲತಃ ಅದು ಕಣದಲ್ಲಿ ನಿಂತವರ ಗಾಳಿಶಾಸ್ತ್ರ. ಕಣವನ್ನು ಎಲ್ಲಿ ಮಾಡಬೇಕು, ರಾಶಿಯ ಯಾವ ಬದಿಗೆ ನಿಲ್ಲಬೇಕು, ಹೊಟ್ಟು ಯಾರ ಮೇಲೆ ಬೀಳುತ್ತದೆ ಎಂಬ ತಿಳಿವಳಿಕೆ ಅದರಲ್ಲಿದೆ. ಗಾಳಿಯ ಗುಣವೆಂದರೆ ಅಲ್ಲಿ ಒಂದು ಅಂಕಿಯಲ್ಲ. ಯಾವ ಹೊತ್ತಿನಲ್ಲಿ ಯಾರ ಮೇಲೆ ಏನು ಬೀಳುತ್ತದೆ ಎಂಬ ಪ್ರಶ್ನೆ. ವಾರ್ಷಿಕ ಸರಾಸರಿಯು ಉತ್ತರಿಸಲಾಗದೆ ಬಿಡುವುದು ಈ ಪ್ರಶ್ನೆಯನ್ನೇ.

ಮೆಕ್ಕೆಜೋಳದ ಸೀಮೆಯಾದ ಇಲ್ಲಿ ಇಂದು ಕಣಗಳು ಕಡಿಮೆಯಾಗಿವೆ. ಸುಗ್ಗಿಯಲ್ಲಿ ರೈತರು ಕಾಳನ್ನು ಹರವುವುದು ಡಾಂಬರು ರಸ್ತೆಯ ಅಂಚಿನಲ್ಲಿ, ಹೆದ್ದಾರಿಯ ಸೇವಾ ರಸ್ತೆಯಲ್ಲಿ. ಕಾಳನ್ನು ಕಾಲಿನಿಂದ ಎಳೆಯುತ್ತ, ಕಸಬರಿಗೆಯಿಂದ ಒತ್ತರಿಸುತ್ತ ದಿನವಿಡೀ ಅಲ್ಲಿರುವವರು ಬಹುಮಟ್ಟಿಗೆ ಹೆಂಗಸರು ಮತ್ತು ಮುದುಕರು. ಹೊಟ್ಟಿನ ಧೂಳು, ರಸ್ತೆಯ ಧೂಳು, ಗಾಡಿಯ ಹೊಗೆ ಮೂರೂ ಅವರ ಉಸಿರಿಗೆ ಒಟ್ಟಿಗೆ ಸೇರುತ್ತವೆ. ಸಂಚಾರದ ದೃಷ್ಟಿಯಿಂದ ಇದು ಅಪರಾಧ; ಗಾಳಿಯ ದೃಷ್ಟಿಯಿಂದ ಅವರು ಯಾವ ಪಟ್ಟಿಯಲ್ಲಿಯೂ ಇಲ್ಲ.

4

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಉದಾಹರಣೆ ಈ ವಾದವನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಬೆಣ್ಣೆದೋಸೆಯಂತೆ ಮಂಡಕ್ಕಿ–ಮೆಣಸಿನಕಾಯಿಯೂ ಈ ಊರಿನ ಗುರುತು. ನಮ್ಮ ಆಹಾರ ಸಂಸ್ಕೃತಿಯ ಲೇಖನಗಳಲ್ಲಿ ಇದರ ರುಚಿಯ ವರ್ಣನೆ ಸಾಕಷ್ಟಿದೆ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿಮಾಡಿ, ಕಾದ ಮರಳಿನಲ್ಲಿ ಹುರಿದು ಅರಳಿಸುವ ಈ ಕೆಲಸದಲ್ಲಿ ತಲೆಮಾರುಗಳ ಕೈಚಳಕವಿದೆ. ಅದನ್ನು ನಡೆಸುವವರು ನಗರದ ಬಡ ಕುಟುಂಬಗಳು. ಅವರಲ್ಲಿ ಮುಸ್ಲಿಮರ ಸಂಖ್ಯೆ ಹೆಚ್ಚು. ಮನೆ ಮತ್ತು ಭಟ್ಟಿಗಳ ನಡುವೆ ಅಂತರವಿಲ್ಲದ ಆ ಓಣಿಗಳಲ್ಲಿ ಉರಿಯಾಗಿ ಬಳಕೆಯಾದದ್ದು ಭತ್ತದ ಹೊಟ್ಟು. ಅದರ ಜೊತೆಗೆ ಬಹಳ ಕಾಲ ವಾಹನಗಳ ಹಳೆಯ ಟೈರು.

ರಸ್ತೆಯಲ್ಲಿ ಸವೆದ ಟೈರು ಕೊನೆಗೆ ಭಟ್ಟಿಯ ಬಾಯಿಗೆ ಬರುವುದು ಸಾರಿಗೆಯ ಕಥೆಯೇ. ಆದರೆ ವಾಹನದ ಮಾಲಿನ್ಯವೆಂದರೆ ಹೊಗೆಕೊಳವೆಯಿಂದ ಬರುವುದು ಎಂದು ಸಾರಿಗೆಯ ನಿಯಮಗಳು ಗೆರೆ ಎಳೆದಿವೆ. ಟೈರು ಗಾಡಿಯಿಂದ ಕಳಚಿದೊಡನೆ ಅದು ಸಾರಿಗೆ ಇಲಾಖೆಯ ವಿಷಯವಾಗಿ ಉಳಿಯುವುದಿಲ್ಲ. ಉರಿದೊಡನೆ ಮಂಡಳಿಯ ವಿಷಯವಾಗುತ್ತದೆ. ಆಗ ಅಪರಾಧಿಯಾಗಿ ಕಾಣುವವರು ಲಾರಿಯ ಒಡೆಯರಲ್ಲ, ಟೈರಿನ ಕಂಪನಿಗಳಲ್ಲ, ಭಟ್ಟಿಯ ಮುಂದೆ ಬೆವರುವವರು. ಅವರೇ ಆ ಹೊಗೆಯ ಮೊದಲ ಬಲಿಗಳೂ ಹೌದು. ನೋಟಿಸು, ಸ್ಥಳಾಂತರದ ಮಾತು, ಬದಲಿ ಉರಿಯ ಮಾತು ಬಂದಾಗಲೆಲ್ಲ ಅವರ ಕಸುಬಿನ ಜ್ಞಾನವೇ ಚರ್ಚೆಯ ಹೊರಗೆ ಉಳಿದಿದೆ. ಯಾವ ಉರಿ ಎಷ್ಟು ಕಾವು ಕೊಡುತ್ತದೆ, ಮರಳು ಯಾವ ಹದಕ್ಕೆ ಕಾಯಬೇಕು, ಹದ ತಪ್ಪಿದರೆ ಎಷ್ಟು ನಷ್ಟ ಎಂಬುದನ್ನು ಅರಿಯದ ಬದಲಿ ಒಲೆಯು ಬಾಳುವುದಿಲ್ಲ. ಮಂಡಕ್ಕಿಯ ರುಚಿಯನ್ನು ದಾಖಲಿಸಿದ ಜಾನಪದ ಸಂಶೋಧಕರು ಭಟ್ಟಿಯ ಈ ಹದವನ್ನೂ ಹೊಗೆಯನ್ನೂ ದಾಖಲಿಸಿದ್ದರೆ ಆ ಬರಹವು ಯೋಜನೆ ಮಾಡುವವರ ಮೇಜಿನ ಮೇಲೆ ಇರುತ್ತಿತ್ತು.

5

ಇನ್ನು ಸದ್ದಿನ ವಿಚಾರ. ಈ ಸೀಮೆಯ ಆಡುಮಾತಿನಲ್ಲಿ ಸದ್ದಿಗೆ ಹಲವು ಹೆಸರುಗಳಿವೆ. ಹೆಜ್ಜೆಯದು, ಪಾತ್ರೆಯದು ಸಪ್ಪಳ, ಬಹಳ ಮಂದಿಯದು ಗದ್ದಲ, ನೀರಿನದು ಮೊರೆತ, ವಾದ್ಯದ್ದು ಅಬ್ಬರ, ಕರೆಯುವವರದು ಕೂಗು. ಯಾರು ಮಾಡಿದರು, ಏಕೆ ಮಾಡಿದರು ಎಂಬುದು ಹೆಸರಿನಲ್ಲಿಯೇ ಅಡಗಿದೆ. ಆಡಳಿತದ ಭಾಷೆಯಲ್ಲಿ ಇವೆಲ್ಲಕ್ಕೂ ಒಂದೇ ಹೆಸರು, ಶಬ್ದಮಾಲಿನ್ಯ. ‘ಮಾಲಿನ್ಯ’ ಮತ್ತು ‘ಮೈಲಿಗೆ’ ಎರಡೂ ‘ಮಲಿನ’ ಎಂಬ ಒಂದೇ ಮೂಲದ ಪದಗಳು ಎಂಬುದನ್ನು ಮರೆಯಬಾರದು. ಹಲಗೆಯ ಸದ್ದನ್ನು ಕೇರಿಗೆ ಕಟ್ಟಿಹಾಕಿ, ಬೇಕಾದಾಗ ಕರೆದು, ಬೇಡವಾದಾಗ ದೂರವಿಟ್ಟ ಸಮಾಜ ನಮ್ಮದು. ಅಂತಹ ಸಮಾಜದಲ್ಲಿ ಯಾವ ಸದ್ದು ಮಲಿನ ಎಂಬ ತೀರ್ಮಾನವು ಡೆಸಿಬಲ್ ಮಾಪಕದಿಂದ ಮಾತ್ರ ಆಗುವುದಿಲ್ಲ.

2000ದ ಫೆಬ್ರವರಿ 14ರ ಶಬ್ದಮಾಲಿನ್ಯ (ನಿಯಂತ್ರಣ) ನಿಯಮಗಳು ನೆಲವನ್ನು ನಾಲ್ಕಾಗಿ ವಿಂಗಡಿಸುತ್ತವೆ: ಕೈಗಾರಿಕೆ, ವಾಣಿಜ್ಯ, ವಸತಿ ಮತ್ತು ನಿಶ್ಶಬ್ದ ವಲಯ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ಕೈಗಾರಿಕೆಗೆ 75 ಮತ್ತು 70. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯಕ್ಕೆ 50 ಮತ್ತು 40. ರಾತ್ರಿಯೆಂದರೆ ಹತ್ತರಿಂದ ಆರು. ಹೊಲ, ಕಣ, ಗುಡಿಯ ಕಟ್ಟೆ, ಜಾತ್ರೆಯ ಬಯಲುಗಳಿಗೆ ಈ ವಿಂಗಡಣೆಯಲ್ಲಿ ಹೆಸರಿಲ್ಲ. ಹೆದ್ದಾರಿಗೂ ಇಲ್ಲ.

ರಾತ್ರಿ ಹತ್ತರ ನಂತರ ಧ್ವನಿವರ್ಧಕಗಳಿಗೆ ಅವಕಾಶವಿಲ್ಲ. ಸಭಾಂಗಣ, ಸಮುದಾಯ ಭವನ, ಔತಣ ಮಂದಿರಗಳಂತಹ ಮುಚ್ಚಿದ ಜಾಗಗಳಿಗೆ ವಿನಾಯಿತಿಯಿದೆ. 2010ರ ತಿದ್ದುಪಡಿಯಲ್ಲಿ ವಾದ್ಯಗಳ ಹೆಸರೂ ಸೇರಿತು. 2002ರ ಅಕ್ಟೋಬರಿನ ತಿದ್ದುಪಡಿಯು ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಲ್ಲಿ ಹತ್ತರಿಂದ ಹನ್ನೆರಡರವರೆಗೆ, ವರ್ಷಕ್ಕೆ ಹದಿನೈದು ದಿನ ಮೀರದಂತೆ, ಸಡಿಲಿಕೆ ನೀಡುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ಕೊಟ್ಟಿತು.

ಈ ಸೀಮೆಯ ದೊಡ್ಡಾಟವನ್ನು ಈ ನಿಯಮದ ಎದುರು ಇಟ್ಟು ನೋಡಬೇಕು. ರಾತ್ರಿ ಊಟವಾದ ಮೇಲೆ ಜನ ಸೇರಿ, ಗಣಪತಿಯ ಸ್ತುತಿಯಾಗಿ, ಸಾರಥಿಯು ಪಾತ್ರಗಳನ್ನು ಮಾತಾಡಿಸುತ್ತ ಬರುವ ಹೊತ್ತಿಗೆ ಹನ್ನೊಂದು ದಾಟಿರುತ್ತದೆ. ಪ್ರಧಾನ ವೇಷಗಳ ಒಡ್ಡೋಲಗ ಮುಗಿಯುವಾಗ ಹನ್ನೆರಡು. ಯುದ್ಧವೂ ಮಂಗಳವೂ ಬೆಳಗಿನ ಜಾವಕ್ಕೆ. ಇಡೀ ರಾತ್ರಿಯ ಈ ರೂಪವು ಬರಿಯ ಸಂಪ್ರದಾಯದ ಹಟವಲ್ಲ. ವಾಹನಗಳಿಲ್ಲದ ಕಾಲದಲ್ಲಿ ಸುತ್ತಣ ಹಳ್ಳಿಗಳಿಂದ ನಡೆದೋ ಗಾಡಿ ಕಟ್ಟಿಯೋ ಬಂದವರು ಕತ್ತಲಲ್ಲಿ ಮರಳುವಂತಿರಲಿಲ್ಲ; ಬೆಳಗಾಗುವವರೆಗೆ ಅವರನ್ನು ಕೂರಿಸಿಕೊಳ್ಳುವುದು ಆಟದ ಹೊಣೆಯಾಗಿತ್ತು. ಆಟದ ಅವಧಿಯನ್ನು ಒಂದರ್ಥದಲ್ಲಿ ಅಂದಿನ ಸಾರಿಗೆಯ ಸ್ಥಿತಿಯೇ ನಿರ್ಧರಿಸಿತ್ತು. ಇಂದು ಅದೇ ಅವಧಿಯನ್ನು ನಿಯಮವು ಮೊಟಕುಗೊಳಿಸುತ್ತಿದೆ. ಮುಚ್ಚಿದ ಜಾಗಕ್ಕೆ ವಿನಾಯಿತಿಯಿದೆ ಎಂಬುದು ತನ್ನ ಹೆಸರಿನಲ್ಲಿಯೇ ಬಯಲನ್ನು ಹೊತ್ತಿರುವ ಬಯಲಾಟಕ್ಕೆ ಯಾವ ಸಾಂತ್ವನ?

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಈ ಭಾಗದ ಒಂದು ಊರಿನಲ್ಲಿ ಹಿರಿಯ ಮದ್ದಳೆಗಾರರೊಬ್ಬರು ನನಗೆ ತಿಳಿಸಿದಂತೆ, ಅವರ ಯೌವನದಲ್ಲಿ ಭಾಗವತರ ದನಿ ಮೈಕಿಲ್ಲದೆ ಊರ ಕೊನೆಯವರೆಗೂ ಕೇಳುತ್ತಿತ್ತು. ಹೆದ್ದಾರಿ ಅಗಲವಾಗಿ ಲಾರಿಗಳ ಓಡಾಟ ಹೆಚ್ಚಿದಂತೆ ಮೈಕು ಅನಿವಾರ್ಯವಾಯಿತು. ಮೈಕು ಬಂದ ಮೇಲೆ ನಿಯಮ ಬಂದಿತು. ಅಂದರೆ, ಯಾರೂ ತಡೆಯದ ಸದ್ದು ಹಿನ್ನೆಲೆಯನ್ನು ಏರಿಸಿತು. ಆ ಹಿನ್ನೆಲೆಯನ್ನು ಮೀರಲು ಜನ ದನಿ ಏರಿಸಬೇಕಾಯಿತು. ಏರಿಸಿದ ದನಿಗೆ ನೋಟಿಸು ಬಂದಿತು. ಸದ್ದಿನ ನಿಯಮದ ಅತ್ಯಂತ ದೊಡ್ಡ ಕೊರತೆ ಇದೇ ಎಂದು ನನ್ನ ಭಾವನೆ. ಅದು ಪ್ರತಿಯೊಂದು ಸದ್ದನ್ನು ಬಿಡಿಯಾಗಿ ನೋಡುತ್ತದೆ. ಒಂದು ಸದ್ದು ಇನ್ನೊಂದನ್ನು ಹುಟ್ಟಿಸುವ ಸಂಬಂಧವನ್ನು ಕಾಣುವುದಿಲ್ಲ.

ಹೆದ್ದಾರಿಯ ಸದ್ದಿಗೆ ನಿಯಮವೇ ಇಲ್ಲವೆಂದಲ್ಲ. ಮೋಟಾರು ವಾಹನ ನಿಯಮಗಳ 119ನೆಯ ನಿಯಮವು ಹಲವು ಸ್ವರದ, ಕರ್ಕಶವಾದ ಹಾರನ್ನುಗಳನ್ನು ನಿಷೇಧಿಸುತ್ತದೆ; 120ನೆಯದು ಸೈಲೆನ್ಸರಿಗೆ ಸಂಬಂಧಿಸಿದ್ದು. 2010ರ ತಿದ್ದುಪಡಿಯಂತೆ ವಸತಿ ಪ್ರದೇಶದಲ್ಲಿ ರಾತ್ರಿ ಹಾರನ್ ಮಾಡುವಂತಿಲ್ಲ. 2019ರ ತಿದ್ದುಪಡಿಯು ಅನಗತ್ಯ ಹಾರನ್ನಿಗೆ ಮೊದಲ ಸಲ ಸಾವಿರ, ಮತ್ತೆ ಮಾಡಿದರೆ ಎರಡು ಸಾವಿರ ರೂಪಾಯಿ ದಂಡ ವಿಧಿಸಿತು. ಆದರೆ ಜಾರಿಯ ಸ್ವರೂಪವನ್ನು ನೋಡಬೇಕು. ಬಯಲಾಟವು ಒಂದು ಜಾಗದಲ್ಲಿ ನಿಂತಿರುತ್ತದೆ, ಅದಕ್ಕೆ ಪರವಾನಗಿ ಕೇಳಿದವರ ಹೆಸರಿರುತ್ತದೆ, ಊರಿನವರ ಮುಖವಿರುತ್ತದೆ. ಲಾರಿಯು ಹಾದುಹೋಗುತ್ತದೆ. ಹೆಸರುಳ್ಳ ಸದ್ದನ್ನು ಹಿಡಿಯುವುದು ಸುಲಭ, ಹೆಸರಿಲ್ಲದ ಸದ್ದನ್ನು ಹಿಡಿಯುವುದು ಕಷ್ಟ. 2011ರಲ್ಲಿ ಆರಂಭವಾದ ರಾಷ್ಟ್ರೀಯ ಶಬ್ದ ಮಾಪನ ಜಾಲಕ್ಕೆ ಮೊದಲು ಸೇರಿದ ಏಳು ನಗರಗಳಲ್ಲಿ ಕರ್ನಾಟಕದಿಂದ ಇದ್ದದ್ದು ಬೆಂಗಳೂರು ಮಾತ್ರ. ಗಾಳಿಯ ಪಟ್ಟಿಯಲ್ಲಿರುವ ದಾವಣಗೆರೆ ಅದರಲ್ಲಿರಲಿಲ್ಲ.

ಕರಾವಳಿಯ ಉದಾಹರಣೆಯನ್ನು ಇಲ್ಲಿ ಹೋಲಿಸಬಹುದು. 2022ರಲ್ಲಿ ಶಬ್ದ ನಿಯಮಗಳ ಕಾರಣದಿಂದ ಕಟೀಲು ಮೇಳಗಳು ಕಾಲಮಿತಿಯ ಪ್ರದರ್ಶನಕ್ಕೆ ಹೊರಳಲು ಮುಂದಾದಾಗ ಅದು ನಾಡಿನ ಚರ್ಚೆಯಾಯಿತು. ದೇವಸ್ಥಾನದ ಆಶ್ರಯ, ಸಂಘಟಿತ ಅಭಿಮಾನಿಗಳು, ಪತ್ರಿಕೆಗಳ ಬೆಂಬಲ ಅಲ್ಲಿತ್ತು. ಬಯಲುಸೀಮೆಯ ದೊಡ್ಡಾಟವು ಸಾಲ ಮಾಡಿ ವೇಷ ಬಾಡಿಗೆಗೆ ತರುವ ಒಕ್ಕಲು ಮಕ್ಕಳ ಆಟ. ಅದು ಹನ್ನೆರಡಕ್ಕೆ ನಿಂತರೆ ಮರುದಿನ ಸುದ್ದಿಯಾಗುವುದಿಲ್ಲ.

6

ಈ ವಾದವನ್ನು ಜಾನಪದದ ಮೋಹದಿಂದ ಬೆಳೆಸಬಾರದು. 2005ರ ಜುಲೈ 18ರಂದು ಶಬ್ದಮಾಲಿನ್ಯವನ್ನು ಕುರಿತು ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನ ಹಿನ್ನೆಲೆಯನ್ನು ಓದಿದವರು ಅದನ್ನು ಮರೆಯಲಾರರು. ಅತ್ಯಾಚಾರಕ್ಕೆ ಒಳಗಾದ ಹದಿಮೂರು ವರ್ಷದ ಬಾಲಕಿಯೊಬ್ಬಳ ಕೂಗು ನೆರೆಯ ಧ್ವನಿವರ್ಧಕದ ಅಬ್ಬರದಲ್ಲಿ ಯಾರಿಗೂ ಕೇಳಿಸಲಿಲ್ಲ ಎಂಬ ಸಂಗತಿಯು ಆ ಅರ್ಜಿಯ ಮೂಲದಲ್ಲಿತ್ತು. ಸದ್ದನ್ನು ಸಂಸ್ಕೃತಿಯೆಂದು ಸಮರ್ಥಿಸುವ ಯಾವ ವಿದ್ವಾಂಸರೂ ಈ ಕೂಗಿಗೆ ಉತ್ತರ ಕೊಡಬೇಕು. ಹಲಗೆ, ಸಮಾಳಗಳ ಜಾಗದಲ್ಲಿ ‘ಡಿಜೆ’ ಬಂದು ಎದೆ ನಡುಗಿಸುವ ಮೆರವಣಿಗೆಗಳನ್ನು ಪರಂಪರೆಯ ಹೆಸರಿನಲ್ಲಿ ಒಪ್ಪಲಾಗದು. ಪರೀಕ್ಷೆಗೆ ಓದುವ ಮಗು, ಹಾಸಿಗೆ ಹಿಡಿದ ರೋಗಿ, ಬಾಣಂತಿ ಇವರೂ ಜನಪದರೇ. ಸಾವಿನ ಮನೆಯ ಮುಂದೆ ವಾದ್ಯವನ್ನು ನಿಲ್ಲಿಸಿ ಹಾದುಹೋಗುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ಸದ್ದಿಗೆ ಜನಪದರೂ ಮಿತಿ ಹಾಕಿಕೊಂಡಿದ್ದರು ಎಂಬುದಕ್ಕೆ ಇಷ್ಟೇ ಸಾಕು. ಆದ್ದರಿಂದ ನಿಯಮವೇ ಬೇಡ ಎಂಬುದು ಲೇಖನದ ನಿಲುವಲ್ಲ. ಆಟವನ್ನು ಹನ್ನೆರಡಕ್ಕೆ ನಿಲ್ಲಿಸುವ ನ್ಯಾಯವು ಹನ್ನೆರಡರ ನಂತರದ ಹೆದ್ದಾರಿಯನ್ನೂ ಪ್ರಶ್ನಿಸಬೇಕು ಎಂಬುದಷ್ಟೇ ಇಲ್ಲಿನ ಒತ್ತಾಯ.

ಅಧ್ಯಯನಕಾರರ ಲೋಪವನ್ನೂ ಒಪ್ಪಿಕೊಳ್ಳಬೇಕು. ಲಾರಿಗಳ ಹಿಂದಿನ ಬರಹಗಳನ್ನು ‘ವಾಹನ ಸಾಹಿತ್ಯ’ವೆಂದು ಸಂಗ್ರಹಿಸಿ ಅವುಗಳ ಚಮತ್ಕಾರವನ್ನು ಮೆಚ್ಚಿಕೊಂಡಿದ್ದೇವೆ. ಆ ಬರಹಗಳಲ್ಲಿ ಅತಿ ಸಾಮಾನ್ಯವಾದದ್ದು ಹಾರನ್ ಮಾಡಿರೆಂಬ ಕೋರಿಕೆ. ಕನ್ನಡಿ ಸರಿಯಿಲ್ಲದ, ದಾರಿ ಕಿರಿದಾದ ಕಾಲದಲ್ಲಿ ಅದು ಜೀವ ಉಳಿಸುವ ಸೂಚನೆಯಾಗಿತ್ತು. ಅಗಲವಾದ ಹೆದ್ದಾರಿಯಲ್ಲಿ ಅದೊಂದು ಅಭ್ಯಾಸವಾಗಿ ಉಳಿದಿದೆ. ಮಹಾರಾಷ್ಟ್ರದ ಸಾರಿಗೆ ಅಧಿಕಾರಿಗಳು 2015ರಲ್ಲಿ ‘ಹಾರ್ನ್ ಓಕೆ ಪ್ಲೀಸ್’ ಎಂಬ ಬರಹವನ್ನು ನಿಷೇಧಿಸಿದರು. ಪುಣೆಯ ಕಡೆಯಿಂದ ಇಳಿದು ಹರಿಹರವನ್ನು ಹಾದುಹೋಗುವ ಲಾರಿಗಳಿಗೆ ಆ ಆಜ್ಞೆಯ ಹಿಂದಿನ ಮಾತು ತಲುಪಿತೇ, ಬರಹ ಅಳಿದರೆ ಅಭ್ಯಾಸ ಅಳಿಯುತ್ತದೆಯೇ ಎಂಬುದು ಜಾನಪದ ಕ್ಷೇತ್ರಕಾರ್ಯಕ್ಕೆ ಯೋಗ್ಯವಾದ ಪ್ರಶ್ನೆ. ದಿನವಿಡೀ ಎಂಜಿನಿನ ಪಕ್ಕದಲ್ಲಿ ಕೂರುವ ಚಾಲಕನ ಕಿವಿ ಏನಾಗಿದೆ ಎಂದು ನಮ್ಮ ಪ್ರಶ್ನಾವಳಿಗಳು ಈವರೆಗೆ ಕೇಳಿದ್ದನ್ನು ನಾನು ಕಂಡಿಲ್ಲ.

7

ಹೊರಗಿನ ಒಂದು ಮಾದರಿ ಇಲ್ಲಿ ಉಪಯುಕ್ತ. ಅಮೆರಿಕದಲ್ಲಿ ಸಂಯುಕ್ತ ಸರ್ಕಾರದ ಹಣದಿಂದ ಹೆದ್ದಾರಿ ಕಟ್ಟುವ ಪ್ರತಿಯೊಂದು ರಾಜ್ಯದ ಸಾರಿಗೆ ಇಲಾಖೆಯೂ ತನ್ನದೇ ಆದ ಶಬ್ದ ನೀತಿಯನ್ನು ಹೊಂದಿರಬೇಕು. ದಾರಿ ಬದಿಯ ಮನೆಗಳ ಬಳಿ ಸದ್ದು 67 ಡೆಸಿಬಲ್‌ಗೆ ಸಮೀಪಿಸುವುದೆಂದು ಕಂಡುಬಂದರೆ ತಡೆಗೋಡೆ ಮೊದಲಾದ ಉಪಾಯಗಳನ್ನು ಪರಿಶೀಲಿಸಲೇಬೇಕು. ಆ ಪರಿಶೀಲನೆಯಲ್ಲಿ ಅಲ್ಲಿ ವಾಸಿಸುವವರ ಅಭಿಪ್ರಾಯವೂ ಒಂದು ಅಂಶ. 1990ರ ಶುದ್ಧ ವಾಯು ಕಾಯಿದೆಯ ತಿದ್ದುಪಡಿಯು, ಗಾಳಿ ಕೆಟ್ಟಿರುವ ಪ್ರದೇಶಗಳಲ್ಲಿ ರಸ್ತೆಯ ಯೋಜನೆಯು ಗಾಳಿಯ ಯೋಜನೆಗೆ ಹೊಂದಿಕೊಳ್ಳುವಂತೆ ಕಟ್ಟುಮಾಡಿತು. ಆ ಅಂಕಿಗಳೂ ಸರಾಸರಿಗಳೇ. ಅಲ್ಲಿಯೂ ಬಡವರ ಓಣಿಗಳ ನಡುವೆಯೇ ಹೆದ್ದಾರಿಗಳು ಹಾದಿವೆ. ಆದರೂ ರಸ್ತೆ ಕಟ್ಟುವವರೇ ಅದರ ಸದ್ದಿಗೂ ಹೊಗೆಗೂ ಉತ್ತರದಾಯಿಗಳು ಎಂಬ ತತ್ತ್ವ ಅಲ್ಲಿ ಬರಹದಲ್ಲಿದೆ. ನಮ್ಮಲ್ಲಿ 2006ರ ಪರಿಸರ ಪರಿಣಾಮ ಅಧಿಸೂಚನೆಯು ಹೆದ್ದಾರಿಗಳನ್ನು ಒಳಗೊಂಡಿತ್ತಾದರೂ, 2013ರಲ್ಲಿ ನೂರು ಕಿಲೋಮೀಟರಿನವರೆಗಿನ ವಿಸ್ತರಣೆಗಳಿಗೆ, ನಿಗದಿತ ಅಗಲದ ಮಿತಿಯೊಳಗೆ, ಪೂರ್ವಾನುಮತಿಯಿಂದ ವಿನಾಯಿತಿ ನೀಡಲಾಯಿತು. ದಾರಿ ಅಗಲವಾಗುವಾಗ ಸದ್ದು ಕೇಳುವವರ ಮಾತನ್ನು ಕೇಳುವ ಸಂದರ್ಭವೇ ಹೀಗೆ ಕಿರಿದಾಯಿತು.

ಈ ಹಿನ್ನೆಲೆಯಲ್ಲಿ ಜಾನಪದ ಅಧ್ಯಯನವು ಮಾಡಬಹುದಾದ ಕೆಲಸಗಳು ಸ್ಪಷ್ಟವಾಗಿವೆ. ಹೆದ್ದಾರಿ ಬದಿಯ ಹಳ್ಳಿಗಳ ಸದ್ದಿನ ಪಂಚಾಂಗವನ್ನು ಊರಿನವರಿಂದಲೇ ಕೇಳಿ ಸಿದ್ಧಪಡಿಸಬೇಕು: ಯಾವ ತಿಂಗಳು ಯಾವ ಜಾತ್ರೆ, ಯಾವ ರಾತ್ರಿ ಆಟ, ಯಾವ ಹೊತ್ತು ಮೌನ. ಹದಿನೈದು ದಿನಗಳ ಸಡಿಲಿಕೆಯನ್ನು ರಾಜಧಾನಿಯಲ್ಲಿ ನಿರ್ಧರಿಸುವುದಕ್ಕಿಂತ ಇಂತಹ ಪಂಚಾಂಗದ ಆಧಾರದ ಮೇಲೆ ಜಿಲ್ಲೆಗಳಲ್ಲಿ ನಿರ್ಧರಿಸುವುದು ಹೆಚ್ಚು ನ್ಯಾಯಸಮ್ಮತ. ಹನ್ನೆರಡರ ಮಿತಿಯ ಮರುಪರಿಶೀಲನೆಗೂ ಅದೇ ಆಧಾರವಾಗಬಲ್ಲದು. ಸುಗ್ಗಿಯ ಒಕ್ಕಣೆ, ಭಟ್ಟಿಯ ಉರಿ, ಗಾಳಿಯ ದಿಕ್ಕುಗಳನ್ನು ಕುರಿತ ಕಸುಬುದಾರರ ತಿಳಿವಳಿಕೆಯನ್ನು ದಾಖಲಿಸಿ, ಮಾಪಕ ಯಂತ್ರವನ್ನು ಎಲ್ಲಿ, ಯಾವ ತಿಂಗಳು ನಿಲ್ಲಿಸಬೇಕೆಂಬ ಸಲಹೆಯಾಗಿ ಮಂಡಳಿಗೆ ಒಪ್ಪಿಸಬೇಕು. ಧ್ವನಿಮುದ್ರಣಗಳಲ್ಲಿ ಹಿನ್ನೆಲೆಯ ಸದ್ದನ್ನು ಅಳಿಸದೆ, ಹಾಡಿನ ಪಠ್ಯದೊಡನೆ ಅದರ ವಿವರವನ್ನೂ ಬರೆದಿಡಬೇಕು.

ಗುತ್ತೂರಿನ ಆ ಹಿರಿಯರ ಪದಗಳ ಮುದ್ರಿಕೆ ಈಗಲೂ ನನ್ನ ಬಳಿ ಇದೆ. ಮೊರೆತವನ್ನು ತೆಗೆದು ಶುದ್ಧಗೊಳಿಸಿದ ಪ್ರತಿಯೊಂದನ್ನು ಹಿಂದೆ ಸಂಗ್ರಹಾಲಯಕ್ಕೆ ಒಪ್ಪಿಸಿದ್ದೆ. ಮೂಲ ಪ್ರತಿಯನ್ನೂ ಅದರ ಪಕ್ಕದಲ್ಲಿ ಇರಿಸಬೇಕೆಂದು, ವಿವರದ ಹಾಳೆಯಲ್ಲಿ ‘ಹಿನ್ನೆಲೆ: ಹೆದ್ದಾರಿ’ ಎಂದು ಸೇರಿಸಬೇಕೆಂದು ಈಗ ಬರೆದು ಕೇಳಿಕೊಂಡಿದ್ದೇನೆ.